ಬಾಯಿ ಬಿಡಿ ಅನ್ನುವವರಿಲ್ಲ

ಬಾಯಿಹುಣ್ಣು ಅಂದರೆ ನಮ್ಮ ಕಡೆ ಅದೊಂದು ಕಾಯಿಲೆಯೇ ಅಲ್ಲ. ಉಷ್ಣ, ಅಷ್ಟೆ. ಪೇರಳೆ ಚಿಗುರು ಅಗಿ, ಜಾಜಿ ಎಲೆ ಅಗಿ, ಮಜ್ಜಿಗೆ ಕುಡಿ, ಎರಡು ದಿನ ಖಾರ ಬಿಡು. ಹೀಗೆ ಹೇಳುವ ಅಜ್ಜಿಯರ ಮೇಲೆ ನನ್ನ ತಕರಾರೇನಿಲ್ಲ. ಬಹುಪಾಲು ಹುಣ್ಣುಗಳು ತಮ್ಮಷ್ಟಕ್ಕೆ ಮಾಯುತ್ತವೆ, ಕೀರ್ತಿ ಪೇರಳೆ ಚಿಗುರಿಗೆ ಹೋಗುತ್ತದೆ, ಹೋಗಲಿ. ನನ್ನ ತಕರಾರಿರುವುದು ಓದಿದವರ ಮೇಲೆ. ಎದುರು ನಿಂತ ಹೆಂಗಸಿಗೆ "ಬಾಯಿ ತೆಗಿಯಮ್ಮ" ಅಂತ ಒಂದು ಮಾತೂ ಹೇಳದೆ ಬಿ ಕಾಂಪ್ಲೆಕ್ಸ್ ಮಾತ್ರೆ ಬರೆದುಕೊಡುವ ಡಾಕ್ಟರುಗಳ ಮೇಲೆ, ಕಾಫಿ ಗಿಡದ ತೊಗಟೆಯ ಮೇಲಿನ ಗೀರನ್ನೂ ಲೆಕ್ಕವಿಟ್ಟು ಆಳಿನ ಬಾಯೊಳಗಿನ ಹುಣ್ಣನ್ನು ಕಾಣದ ನಮ್ಮಂಥ ತೋಟದ ಮನೆಗಳ ಮೇಲೆ, ಗೊತ್ತಿರುವುದನ್ನು ಮಾಡದೆ ಹೊಸ ಹೊಸ ಯಂತ್ರಗಳ ಬಗ್ಗೆ ಪ್ರಬಂಧ ಮಂಡಿಸುವ ಪಂಡಿತರ ಮೇಲೆ.

ಮೈಯೊಳಗೆ ಹುಟ್ಟುವ ಕ್ಯಾನ್ಸರುಗಳಲ್ಲಿ ಬಾಯಿಯದರಷ್ಟು ಕಣ್ಣಿಗೆ ಹತ್ತಿರದ್ದು ಕಡಿಮೆ. ಹೊಟ್ಟೆಯ ಗಡ್ಡೆಗೆ ಸ್ಕ್ಯಾನು ಬೇಕು, ಗರ್ಭಕೋಶದ ಕಂಠ ನೋಡಲು ಮಂಚ ಬೇಕು, ಮರೆ ಬೇಕು, ಹೆಂಗಸು ಮನಸ್ಸು ಗಟ್ಟಿಮಾಡಿಕೊಳ್ಳಬೇಕು. ಬಾಯಿಗೆ ಒಂದು ಟಾರ್ಚು, ಎರಡು ಬೆರಳು, ಮೂರು ನಿಮಿಷ ಸಾಕು. ಸೀರೆ ಸೆರಗೂ ಸರಿಸಬೇಕಾಗಿಲ್ಲ. ಆದರೂ ನಮ್ಮ ದೇಶದಲ್ಲಿ 2022ರ ಒಂದೇ ವರ್ಷದಲ್ಲಿ ತುಟಿ ಮತ್ತು ಬಾಯಿಯ ಕ್ಯಾನ್ಸರು ಹೊಸದಾಗಿ ಬಂದವರು ಸುಮಾರು 1,43,000 ಜನ ಅಂತ ಅಂತರರಾಷ್ಟ್ರೀಯ ಅಂದಾಜು ಹೇಳುತ್ತದೆ. ಇವರಲ್ಲಿ ಹೆಚ್ಚಿನವರು ದೊಡ್ಡಾಸ್ಪತ್ರೆ ಮುಟ್ಟುವುದು ದವಡೆ ಊದಿ, ಕುತ್ತಿಗೆಯಲ್ಲಿ ಗಂಟು ಎದ್ದ ಮೇಲೆ.

ನಮ್ಮ ಪಕ್ಕದ ತೋಟದ ಲೈನಿನಲ್ಲಿ ಒಬ್ಬಾಕೆ ಇದ್ದಳು. ಹಣ್ಣು ಕೊಯ್ಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಎಡದವಡೆಯಲ್ಲಿ ಯಾವಾಗಲೂ ಕವಳ, ಅದರೊಳಗೆ ಕಡ್ಡಿಪುಡಿ. ರಾತ್ರಿ ಮಲಗುವಾಗಲೂ ಉಗುಳುತ್ತಿರಲಿಲ್ಲವಂತೆ. ಆ ದವಡೆಯ ಒಳಗೇ ಒಂದು ಹುಣ್ಣಾಯಿತು. ಮಳೆಗಾಲದಲ್ಲಿ ಕಂಡದ್ದು, ನೋವಿರಲಿಲ್ಲ. ಲೈನಿನವರು ಉಷ್ಣ ಅಂದರು. ಪೇಟೆಯ ಒಬ್ಬ ಡಾಕ್ಟರು ಮಾತ್ರೆ ಕೊಟ್ಟರು. ಮತ್ತೊಂದು ಕಡೆ, ಅಲುಗಾಡುತ್ತಿದೆಯೆಂದು ಹಲ್ಲು ಕಿತ್ತರು. ಹಲ್ಲು ಕಿತ್ತ ಗಾಯ ಮಾಯಲೇ ಇಲ್ಲ. ಹುಣ್ಣಿನ ಬುಡದಲ್ಲೇ ಹಲ್ಲು ಯಾಕೆ ಅಲುಗಾಡುತ್ತಿದೆ ಅಂತ ಕೇಳಿಕೊಳ್ಳುವ ವ್ಯವಧಾನ ಯಾರಿಗೂ ಇರಲಿಲ್ಲ. ಎಂಟು ತಿಂಗಳಾದ ಮೇಲೆ ನಾನೂ ಅವಳ ಮಗಳೂ ಸೇರಿ ದೂರದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರು ಬಾಯಿ ನೋಡಿ, "ಇಷ್ಟು ದಿನ ಏನ್ ಮಾಡ್ತಿದ್ದೆ?" ಅಂತ ರೇಗಿದರು. ಅವಳು ತುಂಬ ಸಹಜವಾಗಿ, "ಹಣ್ಣು ಕುಯ್ತಿದ್ದೆ ಸಾಮಿ" ಅಂದಳು.

ಮುಂದಿನ ಕುಯ್ಲಿಗೆ ಅವಳಿರಲಿಲ್ಲ.

ಅವಳು ಕವಳ ಹಾಕುತ್ತಿದ್ದಳು, ಅನುಭವಿಸಿದಳು ಅಂತ ಹೇಳುವವರು ಇದ್ದಾರೆ. ಹೇಳುವುದು ಸುಲಭ. ಜೂನ್ ಜುಲೈ ಜಡಿಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು, ಕಾಲಿಗೆ ಹತ್ತುವ ಇಂಬಳ ಕಿತ್ತು ಎಸೆಯುತ್ತ, ಬೆಳಗಿನ ರೊಟ್ಟಿ ಚೂರಿನ ಮೇಲೆ ಮಧ್ಯಾಹ್ನದವರೆಗೆ ತೋಟದಲ್ಲಿ ನಿಂತು ನೋಡಬೇಕು. ಹೊಗೆಸೊಪ್ಪು ಹಸಿವು ಸಾಯಿಸುತ್ತದೆ, ಮೈ ಬೆಚ್ಚಗಿಡುತ್ತದೆ ಅನ್ನಿಸುತ್ತದೆ, ಹಲ್ಲುನೋವನ್ನು ಮರೆಸುತ್ತದೆ. ಎರಡು ಕೈಯೂ ಕೆಲಸದಲ್ಲಿದ್ದರೂ ಬಾಯಿಗೆ ಒಂದು ಜೊತೆ ಸಿಕ್ಕ ಹಾಗಾಗುತ್ತದೆ. ಇನ್ನೊಂದು ವಿಷಯವಿದೆ. ನಮ್ಮಲ್ಲಿ ಹೆಂಗಸು ಬೀಡಿ ಸೇದಿದರೆ ಊರೇ ಎದ್ದು ನಿಲ್ಲುತ್ತದೆ. ಅದೇ ಹೊಗೆಸೊಪ್ಪನ್ನು ಎಲೆಯಲ್ಲಿ ಮಡಚಿ ದವಡೆಗೆ ಇಟ್ಟುಕೊಂಡರೆ ಯಾರೂ ಒಂದು ಮಾತಾಡುವುದಿಲ್ಲ. ಎಲೆಅಡಿಕೆ ಮುತ್ತೈದೆಯ ಲಕ್ಷಣ, ಬಂದವರಿಗೆ ತಟ್ಟೆ ಮುಂದಿಡುವುದು ಮರ್ಯಾದೆ. ಆ ಮರ್ಯಾದೆಯ ಮರೆಯಲ್ಲೇ ಹೆಂಗಸರ ಬಾಯಿ ಸುಡುತ್ತ ಬಂದಿದೆ.

ಇದು ನನ್ನ ಊಹೆಯಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಇಡೀ ನಗರದ ಕ್ಯಾನ್ಸರು ರೋಗಿಗಳ ಲೆಕ್ಕ ಇಡಲು ಶುರುವಾದದ್ದು 1982ರಲ್ಲಿ. ಬಾಯಿಯ ಕ್ಯಾನ್ಸರು ಗಂಡಸರ ಕಾಯಿಲೆ ಅಂತ ದೇಶದ ಬೇರೆ ನಗರಗಳ ಲೆಕ್ಕ ಹೇಳುತ್ತಿದ್ದ ಕಾಲದಲ್ಲಿ ಬೆಂಗಳೂರಿನ ಪಟ್ಟಿಯಲ್ಲಿ ಗಂಡಸರಿಗಿಂತ ಹೆಂಗಸರೇ ಮುಂದಿದ್ದರು. ಆ ಪಟ್ಟಿಯನ್ನೇ ಇಟ್ಟುಕೊಂಡು ನಡೆಸಿದ ಒಂದು ಅಧ್ಯಯನ 1990ರಲ್ಲಿ ಪ್ರಕಟವಾಯಿತು. ಬಾಯಿಯ ಕ್ಯಾನ್ಸರಿನ 348 ರೋಗಿಗಳನ್ನೂ, ಅದೇ ಬಡಾವಣೆಗಳ ಅದೇ ವಯಸ್ಸಿನ ಆರೋಗ್ಯವಂತರನ್ನೂ ಹೋಲಿಸಿ ನೋಡಿದರು. ಹೊಗೆಸೊಪ್ಪಿನ ಜೊತೆ ಎಲೆಅಡಿಕೆ ಜಗಿಯುವ ಹೆಂಗಸರಿಗೆ ಅಪಾಯ, ಜಗಿಯದವರಿಗಿಂತ ಸುಮಾರು ಇಪ್ಪತ್ತೈದು ಪಟ್ಟು. ಎಷ್ಟು ವರ್ಷ, ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತು ಬಾಯಲ್ಲಿಟ್ಟುಕೊಳ್ಳುತ್ತಾರೆ ಅನ್ನುವುದಕ್ಕೆ ತಕ್ಕ ಹಾಗೆ ಅಪಾಯವೂ ಏರುತ್ತಿತ್ತು. ಬಾಯಲ್ಲಿಟ್ಟುಕೊಂಡೇ ಮಲಗುವವರ ಲೆಕ್ಕವನ್ನೂ ಅವರು ಕೇಳಿ ಬರೆದುಕೊಂಡಿದ್ದರು. ನಮ್ಮ ಪಕ್ಕದ ಲೈನಿನವಳ ಕತೆ ಅವಳಿಗಿಂತ ಎಷ್ಟೋ ಮೊದಲೇ ಅಚ್ಚಾಗಿತ್ತು ಅಂತ ಆ ಸಾಲು ಓದಿದಾಗ ಅನ್ನಿಸಿತು.

ಬಾಯಿ ಬಿಗಿಯುವ ಕಾಯಿಲೆಯ ಚರಿತ್ರೆ ಇನ್ನೂ ವಿಚಿತ್ರ. ಅಡಿಕೆ ಜಗಿದು ಜಗಿದು ಕೆನ್ನೆಯ ಒಳಚರ್ಮ ಬೆಳ್ಳಗಾಗಿ, ನಾರುನಾರಾಗಿ ಸೆಟೆದು, ಕೊನೆಗೆ ಬಾಯಿ ತೆರೆಯಲಿಕ್ಕೇ ಆಗದಂತಾಗುತ್ತದಲ್ಲ, ಡಾಕ್ಟರುಗಳು ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನುತ್ತಾರಲ್ಲ, ಅದು. ಆಧುನಿಕ ವೈದ್ಯಶಾಸ್ತ್ರದಲ್ಲಿ ಅದನ್ನು ಮೊದಲು ವರ್ಣಿಸಿದ್ದು 1952ರಲ್ಲಿ, ಶ್ವಾರ್ಟ್ಸ್ ಎಂಬುವರು. ಅವರು ಅದನ್ನು ಕಂಡದ್ದು ಕೀನ್ಯಾದಲ್ಲಿ, ಐದು ಜನರ ಬಾಯಲ್ಲಿ. ಐವರೂ ಭಾರತದ ಹೆಂಗಸರು. ಕಾಯಿಲೆಯನ್ನು ಕಂಡುಹಿಡಿಯುವಾಗ ಹೆಂಗಸರ ಬಾಯಿ ಬೇಕಾಯಿತು. ಆಮೇಲೆ ಎಚ್ಚರಿಕೆಯ ಚಿತ್ರಗಳೆಲ್ಲ ಗಂಡಸರ ಮುಖದ್ದಾದವು.

ಹೋಗಲಿ, ಏನನ್ನು ನೋಡಬೇಕು ಅನ್ನುವುದನ್ನಾದರೂ ಇಲ್ಲಿ ಬರೆದುಬಿಡುತ್ತೇನೆ, ಯಾಕೆಂದರೆ ಇದನ್ನು ಹೇಳಲು ಡಾಕ್ಟರೇ ಬೇಕಾಗಿಲ್ಲ. ಕೆನ್ನೆಯ ಒಳಬದಿ, ವಸಡು ಮತ್ತು ಕೆನ್ನೆ ಸೇರುವ ಸಂದು, ನಾಲಗೆಯ ಅಂಚು, ನಾಲಗೆಯ ಅಡಿ, ಅಂಗುಳ. ಕವಳ ಇಟ್ಟುಕೊಳ್ಳುವ ಜಾಗವನ್ನು ಇನ್ನೊಂದು ಸಲ. ಬಟ್ಟೆಯಿಂದ ಒರೆಸಿದರೂ ಹೋಗದ ಬಿಳಿ ಮಚ್ಚೆ ಇದ್ದರೆ ಅದು ಲ್ಯೂಕೋಪ್ಲೇಕಿಯಾ ಇರಬಹುದು. ಎಲ್ಲ ಬಿಳಿ ಮಚ್ಚೆಯೂ ಕ್ಯಾನ್ಸರಾಗುವುದಿಲ್ಲ, ಆದರೆ ಯಾವುದು ಆಗುತ್ತದೆ ಅಂತ ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಬಿಳಿಯದಕ್ಕಿಂತ ಮಕಮಲ್ಲಿನಂಥ ಕೆಂಪು ಮಚ್ಚೆ ಹೆಚ್ಚು ಕೆಟ್ಟದ್ದು. ಖಾರ ತಾಗಿದರೆ ಉರಿ, ಮೂರು ಬೆರಳು ಉದ್ದಕ್ಕೆ ನಿಲ್ಲಿಸಿದರೆ ಬಾಯೊಳಗೆ ಹೋಗದಷ್ಟು ಬಿಗಿತ. ಮೂರು ವಾರ ಕಳೆದರೂ ಮಾಯದ ಹುಣ್ಣು. ನೋವಿಲ್ಲ ಅಂತ ಸಮಾಧಾನ ಪಡುವ ಹಾಗೇ ಇಲ್ಲ, ಶುರುವಿನಲ್ಲಿ ಅದು ನೋಯುವುದೇ ಇಲ್ಲ. ಅನುಮಾನ ಬಂದಲ್ಲಿ ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕು. ಸೂಜಿ ಮುಟ್ಟಿದರೆ, ಚೂರು ತೆಗೆದರೆ ಕ್ಯಾನ್ಸರು ಹರಡುತ್ತೆ ಅನ್ನುವ ಮಾತು ಬರೀ ಪುಕಾರು. ಮೊದಲ ಹಂತದಲ್ಲಿ ಸಿಕ್ಕಿದರೆ ಹತ್ತರಲ್ಲಿ ಏಳೆಂಟು ಜನ ಐದು ವರ್ಷ ದಾಟುತ್ತಾರೆ. ಕೊನೆಯ ಹಂತದವರಲ್ಲಿ ಅದರ ಅರ್ಧವೂ ಇಲ್ಲ.

ಈಗ ನಮ್ಮ ಗುಡ್ಡಗಳಿಗೆ ಬರುತ್ತೇನೆ. ಅರೇಬಿಕಾ ಇರುವ ಮನೆಯಲ್ಲಿ ಬೋರರ್ ಅಂದರೆ ರಾತ್ರಿ ನಿದ್ದೆ ಬರುವುದಿಲ್ಲ. ಬಿಳಿ ಕಾಂಡಕೊರಕ ತೊಗಟೆಯ ಸೀಳಿನಲ್ಲಿ ಮೊಟ್ಟೆಯಿಡುತ್ತದೆ, ಹುಳು ಒಳಗೆ ಕೊರೆಯುತ್ತ ಹೋಗುತ್ತದೆ, ಹೊರಗೆ ಕಾಣುವುದು ಕಾಂಡದ ಮೇಲೊಂದು ಉಬ್ಬುಗೆರೆ, ಒಂದಿಷ್ಟು ಹಳದಿ ಎಲೆ. ದುಂಬಿ ಹಾರುವ ಕಾಲ ವರ್ಷಕ್ಕೆ ಎರಡು ಸಲ, ಏಪ್ರಿಲ್ ಮೇ ಒಂದು, ಅಕ್ಟೋಬರಿನಿಂದ ಡಿಸೆಂಬರ್ ಇನ್ನೊಂದು. ಅದಕ್ಕೆ ಮೊದಲೇ ಒಂದೊಂದು ಗಿಡವನ್ನೂ ನೋಡಿ, ಗುರುತು ಹಾಕಿ, ಕಿತ್ತು ಸುಡಬೇಕು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1925ರಿಂದ ಇದೆ. ಅಲ್ಲಿಯ ವಿಜ್ಞಾನಿಗಳು ಹೇಳಿದ್ದನ್ನು ನಾವು ಶಿರಸಾವಹಿಸಿ ಮಾಡುತ್ತೇವೆ. ರೈಟರ ಹತ್ತಿರ ಬೋರರ್ ಲೆಕ್ಕದ ಪುಸ್ತಕವೇ ಇರುತ್ತದೆ, ಯಾವ ಬ್ಲಾಕಿನಲ್ಲಿ ಎಷ್ಟು ಗಿಡ, ಯಾವ ತಾರೀಖು. ಕಳಸದ ಕಡೆ ಅಡಿಕೆಗೆ ಎಲೆಚುಕ್ಕಿ ಬಂದಾಗ ಎಷ್ಟು ಸಭೆ, ಎಷ್ಟು ತಜ್ಞರ ತಂಡ, ಎಷ್ಟು ಮನವಿ! ಬರಬೇಕಾದ್ದೇ, ನಾನು ಬೇಡ ಅನ್ನುವವಳಲ್ಲ. ನಮ್ಮ ಹಳ್ಳದ ಬದಿಯಲ್ಲೂ ಅಡಿಕೆಯಿದೆ.

ಆದರೆ ಗಿಡ ಹುಡುಕುವವರು ಯಾರು? ತೆಂಗಿನ ನಾರಿನಿಂದ ಕಾಂಡ ಉಜ್ಜುವವರು ಯಾರು? ಹೆಚ್ಚಿನ ತೋಟಗಳಲ್ಲಿ ಇದೇ ಹೆಂಗಸರು. ಇವರ ಕಣ್ಣು ಎಂಥದ್ದು ಅಂದರೆ ಹತ್ತು ಹೆಜ್ಜೆ ದೂರದಿಂದಲೇ "ಅಮ್ಮಾ, ಅದಕ್ಕೆ ಹಿಡ್ದಿದೆ" ಅನ್ನುತ್ತಾರೆ. ಸಾಹುಕಾರರು ಹತ್ತಿರ ಹೋಗಿ ಕನ್ನಡಕ ಏರಿಸಿ ನೋಡಿದ ಮೇಲೆಯೇ ಕಾಣುವುದು. ಅಂಥ ಕಣ್ಣಿಗೆ ಒಂದು ಟಾರ್ಚು ಕೊಟ್ಟು, ಪಕ್ಕದವಳ ಬಾಯೊಳಗೆ ಏನು ನೋಡಬೇಕು ಅಂತ ಎರಡು ದಿನ ಹೇಳಿಕೊಟ್ಟರೆ ಆಗದೆ?

ಆಗುತ್ತದೆ ಅನ್ನುವುದಕ್ಕೆ ಪುರಾವೆ ನಮ್ಮ ನೆರೆಯಲ್ಲೇ ಇದೆ, ಇವತ್ತಿನದಲ್ಲ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಡಾಕ್ಟರ್ ಫಾಲಿ ಮೆಹತಾ ಮತ್ತು ಸಂಗಡಿಗರು 1966ರಲ್ಲೇ ಹಳ್ಳಿಹಳ್ಳಿಗೆ ಹೊರಟರು. ಎರ್ನಾಕುಳಂ, ಶ್ರೀಕಾಕುಳಂ, ಭಾವನಗರ, ದರ್ಭಂಗ, ಸಿಂಗಭೂಮ್ ಜಿಲ್ಲೆಗಳಲ್ಲಿ ಮನೆಬಾಗಿಲಿಗೆ ಹೋಗಿ ಐವತ್ತು ಸಾವಿರಕ್ಕೂ ಹೆಚ್ಚು ಜನರ ಬಾಯಿ ನೋಡಿದರು. ಕೋಪನ್‌ಹೇಗನ್ನಿನ ಪಿಂಡ್‌ಬೋರ್ಗ್ ಅವರಂಥ ದೊಡ್ಡ ತಜ್ಞರು ಜೊತೆಗಿದ್ದರು. ಶ್ರೀಕಾಕುಳಂನಲ್ಲಿ ಚುಟ್ಟದ ಬೆಂಕಿಯ ತುದಿಯನ್ನೇ ಬಾಯೊಳಗಿಟ್ಟು ಸೇದುವ ಹೆಂಗಸರ ಅಂಗುಳ ಹೇಗಾಗಿರುತ್ತದೆ ಅನ್ನುವುದು ಜಗತ್ತಿಗೆ ವಿವರವಾಗಿ ಗೊತ್ತಾದದ್ದು ಹೀಗೆ ಬಾಗಿಲು ತಟ್ಟಿದ್ದರಿಂದ. ಆ ಮೇಲೆ ಸುಮಾರು 36,000 ಹೊಗೆಸೊಪ್ಪಿನವರಿಗೆ ಬಿಡಿ ಬಿಡಿ ಅಂತ ತಾಳ್ಮೆಯಿಂದ ಹೇಳುತ್ತ ಬಂದು, ಹೇಳಿದ್ದರಿಂದ ಬಿಳಿ ಮಚ್ಚೆ ಕಡಿಮೆಯಾಗುತ್ತದೆ ಅಂತ 1986ರಲ್ಲಿ ತೋರಿಸಿದರು. ಕೂಲಿ ಜನಕ್ಕೆ ಹೇಳಿ ಪ್ರಯೋಜನವಿಲ್ಲ ಅನ್ನುವ ನಮ್ಮ ಸಾಹುಕಾರರು ಇದನ್ನು ಗಮನಿಸಬೇಕು. ಕೇರಳದ ಅದೇ ಕೆಲಸದಲ್ಲಿ ಸರ್ಕಾರದ ಸಾಮಾನ್ಯ ಆರೋಗ್ಯ ಕಾರ್ಯಕರ್ತರೇ ಬಾಯಿ ನೋಡಿ ಗುರುತಿಸಬಲ್ಲರು ಅಂತಲೂ ಆಗಲೇ ತಿಳಿದಿತ್ತು.

1996ರಲ್ಲಿ ತಿರುವನಂತಪುರದ ಕಡೆ ಹದಿಮೂರು ಪಂಚಾಯ್ತಿಗಳಲ್ಲಿ ಇನ್ನೂ ದೊಡ್ಡ ಪರೀಕ್ಷೆ ಶುರುವಾಯಿತು. ಮೂವತ್ತೈದು ದಾಟಿದ 1,91,873 ಜನ. ಏಳು ಪಂಚಾಯ್ತಿಗಳಲ್ಲಿ ಬಾಯಿ ನೋಡುವುದು, ಆರರಲ್ಲಿ ಎಂದಿನಂತೆ. ಬಾಯಿ ನೋಡಿದವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಸಾಧಾರಣ ಪದವೀಧರರು. 2005ರಲ್ಲಿ ಫಲಿತಾಂಶ ಬಂತು. ಹೊಗೆಸೊಪ್ಪು ಅಥವಾ ಹೆಂಡದ ಅಭ್ಯಾಸ ಇದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ನೂರಕ್ಕೆ 34ರಷ್ಟು ಕಡಿಮೆ. ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಲಾಭ ಸ್ಪಷ್ಟವಾಗಿ ಕಂಡದ್ದು ಗಂಡಸರಲ್ಲಿ. ಹೆಂಗಸರಲ್ಲಿ ಖಚಿತವಾಗಿ ಹೇಳುವಷ್ಟು ಕಾಣಲಿಲ್ಲ. ಇದನ್ನೇ ಹಿಡಿದು, ಹಾಗಾದರೆ ಹೆಂಗಸರ ಬಾಯಿ ನೋಡಿ ಏನು ಸುಖ ಅಂತ ಒಬ್ಬ ಬುದ್ಧಿವಂತರು ನನ್ನನ್ನು ಕೇಳಿದ್ದುಂಟು. ಆ ಅಧ್ಯಯನದಲ್ಲಿ ಬಾಯಿಯ ಕ್ಯಾನ್ಸರಿನಿಂದ ಸತ್ತ ಹೆಂಗಸರ ಸಂಖ್ಯೆಯೇ ಚಿಕ್ಕದು. ಚಿಕ್ಕ ಸಂಖ್ಯೆ ಯಾವುದನ್ನೂ ಗಟ್ಟಿಯಾಗಿ ಹೇಳುವುದಿಲ್ಲ, ಆಗುತ್ತದೆ ಅಂತಲೂ, ಆಗುವುದಿಲ್ಲ ಅಂತಲೂ. ದಿನವಿಡೀ ಕವಳ ಜಗಿಯುವ ನಮ್ಮ ಲೈನುಗಳ ಹೆಂಗಸರಿಗೆ ಅದನ್ನು ತೀರ್ಪಾಗಿ ಓದುವುದು ಅನ್ಯಾಯ.

ಹಾಗಿದ್ದೂ ನಮ್ಮಲ್ಲಿ ಏನಾಯಿತು? 2016ರಲ್ಲಿ ಕೇಂದ್ರ ಸರ್ಕಾರ ಮೂವತ್ತು ದಾಟಿದ ಎಲ್ಲರ ಬಾಯಿ, ಸ್ತನ, ಗರ್ಭಕೋಶದ ಕಂಠ ನೋಡಬೇಕು ಅಂತ ಮಾರ್ಗಸೂಚಿ ಹೊರಡಿಸಿತು. ಮೂರು ವರ್ಷ ಕಳೆದ ಮೇಲೆ, 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮೂವತ್ತರಿಂದ ನಲವತ್ತೊಂಬತ್ತರ ಹೆಂಗಸರನ್ನು, ಜೀವಮಾನದಲ್ಲಿ ಒಂದು ಸಲವಾದರೂ ಕ್ಯಾನ್ಸರಿಗಾಗಿ ನಿಮ್ಮ ಬಾಯಿ ಯಾರಾದರೂ ನೋಡಿದ್ದಾರಾ ಅಂತ ಕೇಳಿದರು. ಹೌದು ಅಂದವರು ದೇಶದಲ್ಲಿ ನೂರಕ್ಕೆ 0.9. ನೂರರಲ್ಲಿ ಒಬ್ಬಳೂ ಇಲ್ಲ. ಆಶಾ ಕಾರ್ಯಕರ್ತೆಯನ್ನು ಬೈಯಲು ನನಗೆ ಮನಸ್ಸಿಲ್ಲ. ಬಸುರಿ, ಬಾಣಂತಿ, ಲಸಿಕೆ, ಸರ್ವೆ ಎಲ್ಲವನ್ನೂ ಗೌರವಧನದ ಹೆಸರಿನಲ್ಲಿ ಆ ಒಬ್ಬಳ ತಲೆಗೆ ಕಟ್ಟಿ, ಈಗ ಗುಡ್ಡ ಹತ್ತಿ ಬಾಯೂ ನೋಡು ಅಂದರೆ ಅವಳಾದರೂ ಏನು ಮಾಡಿಯಾಳು?

ಪಂಡಿತರ ವಿಷಯ ಬೇರೆ. ದೇಶದಲ್ಲೇ ಅತಿ ಹೆಚ್ಚು ದಂತ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೊಂದು. ನೀಲಿ ಬಣ್ಣ ಹಚ್ಚಿ ನೋಡುವುದು, ಬೆಳಕು ಬಿಟ್ಟು ನೋಡುವುದು, ಬ್ರಷ್ಷಿನಿಂದ ಕೆರೆದು ನೋಡುವುದು, ಎಂಜಲಿನಲ್ಲಿ ಹುಡುಕುವುದು, ಈಗ ಕೃತಕ ಬುದ್ಧಿಮತ್ತೆ, ಎಷ್ಟೆಷ್ಟೋ ಸಂಶೋಧನೆ ನಡೆದಿದೆ. ಬೆಂಗಳೂರಿನ ಕೆ.ಎಲ್.ಇ. ದಂತ ವಿಜ್ಞಾನ ಸಂಸ್ಥೆಯವರು ಹಳ್ಳಿಯ ಕಾರ್ಯಕರ್ತೆಯ ಕೈಗೆ ಮೊಬೈಲು ಕೊಟ್ಟು, ಬಾಯಿಯ ಚಿತ್ರ ದೂರದ ತಜ್ಞರಿಗೆ ಹೋಗುವಂತೆ ಮಾಡಿ, 2015ರಲ್ಲಿ ಅದರ ಫಲ ಪ್ರಕಟಿಸಿದರು. ಇಂಥದ್ದು ನನಗೆ ಬಹಳ ಇಷ್ಟ, ತಜ್ಞರಿಲ್ಲದಲ್ಲಿ ತಜ್ಞರ ಕಣ್ಣು ಬಂದ ಹಾಗೆ. (ನಮ್ಮ ಲೈನಿನಲ್ಲಿ ನೆಟ್‌ವರ್ಕು ಸಿಗಬೇಕಾದರೆ ಹಲಸಿನ ಮರದ ಹತ್ತಿರದ ದಿಬ್ಬ ಹತ್ತಬೇಕು, ಅದಿರಲಿ.) ಆದರೆ ಬಯಾಪ್ಸಿಯ ಜಾಗವನ್ನು ಇವ್ಯಾವುವೂ ಇನ್ನೂ ತುಂಬಿಲ್ಲ, ಮೊದಲು ಯಾರೋ ಒಬ್ಬರು ಬಾಯಿ ತೆಗಿ ಅನ್ನುವುದನ್ನು ತಪ್ಪಿಸಿಯೂ ಇಲ್ಲ. ಹೊಸ ಸಾಧನದ ಪರೀಕ್ಷೆಗೆ ರೋಗಿಗಳು ಬೇಕಾದಾಗ ಸಿಗುತ್ತಾರೆ, ಆಸ್ಪತ್ರೆಯ ಸಾಲಿನಲ್ಲೇ ನಿಂತಿರುತ್ತಾರೆ, ಊದಿದ ಕೆನ್ನೆ ಹಿಡಿದುಕೊಂಡು. ಘಟ್ಟದ ಮೇಲೆ, ಇನ್ನೂ ಊದದ ಕೆನ್ನೆಯವಳನ್ನು ಹುಡುಕಿಕೊಂಡು ಬರುವ ಸಂಶೋಧನೆ ನನಗೆ ಬೇಕು. ಅದರಲ್ಲಿ ಹೆಸರು ಬರುವುದಿಲ್ಲ ಅನ್ನುವುದಾದರೆ ಬರದಿರಲಿ.

ಅಡಿಕೆಯ ಮಾತು ಎತ್ತಿದರೆ ನಮ್ಮ ನೆಂಟರಿಷ್ಟರಲ್ಲೇ ಮುಖ ಗಂಟಿಕ್ಕಿಕೊಳ್ಳುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರು ಸಂಶೋಧನಾ ಮಂಡಳಿ 1985ರಲ್ಲಿ ಹೊಗೆಸೊಪ್ಪು ಬೆರೆತ ಎಲೆಅಡಿಕೆಯನ್ನು ಕ್ಯಾನ್ಸರುಕಾರಕ ಅಂದಾಗ ನಾವು ಹೊಗೆಸೊಪ್ಪಿನ ಕಡೆ ಬೆರಳು ತೋರಿಸಿ ಪಾರಾದೆವು. 2004ರಲ್ಲಿ ಬರೀ ಅಡಿಕೆಯನ್ನೂ ಆ ಪಟ್ಟಿಗೆ ಸೇರಿಸಿದಾಗ, ಇದು ಪರದೇಶದವರ ಪಿತೂರಿ ಅನ್ನತೊಡಗಿದೆವು. ನಮ್ಮಜ್ಜಿ ತೊಂಬತ್ತು ವರ್ಷ ತಿಂದಳು, ಏನೂ ಆಗಲಿಲ್ಲ ಅನ್ನುವುದು ಎಲ್ಲ ಮನೆಯಲ್ಲೂ ಇರುವ ಒಂದು ವಾದ. ಆ ಅಜ್ಜಿ ಊಟವಾದ ಮೇಲೆ ಒಂದು ಕವಳ ಹಾಕಿ ಉಗುಳುತ್ತಿದ್ದಳೋ, ದಿನಕ್ಕೆ ಹದಿನೈದು ಹಾಕಿ ನುಂಗುತ್ತಿದ್ದಳೋ ಯಾರೂ ಹೇಳುವುದಿಲ್ಲ. ಬೆಳೆಗಾರನ ಬದುಕಿಗೆ ಸರ್ಕಾರ ದಾರಿ ಮಾಡಬೇಕು, ಅದು ಬೇರೆ ಜಗಳ, ಆ ಜಗಳಕ್ಕೆ ನಾನೂ ಬರುತ್ತೇನೆ. ತಿನ್ನುವವಳಿಗೆ ನಿಜ ಹೇಳದಿರಲು ಅದು ನೆಪವಾಗಬಾರದು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಅಂಗಡಿಯವನು ಒಂದು ಪೊಟ್ಟಣದ ಬದಲು ಎರಡು ಪೊಟ್ಟಣ ಕೊಡತೊಡಗಿದ, ಒಂದು ಪಾನ್ ಮಸಾಲ, ಇನ್ನೊಂದು ಹೊಗೆಸೊಪ್ಪು, ಬೆರೆಸುವ ಕೆಲಸ ಮಾತ್ರ ತಿನ್ನುವವನದು. ಇನ್ನು ಪೇಟೆಯ ನಮ್ಮ ಮಹಿಳಾ ಸಮಾಜಗಳಲ್ಲಿ ಊಟವಾದ ಮೇಲೆ ಮಕ್ಕಳ ಕೈಗೂ ಸುರಿಯುವ ಬಣ್ಣದ ಸಿಹಿ ಅಡಿಕೆಪುಡಿ! ಅದರಲ್ಲೂ ಅಡಿಕೆಯೇ ಇರುವುದು ಮಾರಾಯ್ತಿ, ಸಕ್ಕರೆ ಹಚ್ಚಿದರೆ ಅದರ ಗುಣ ಹೋಗುತ್ತದೆಯೆ ಅಂತ ಕೇಳಿದರೆ ನಾನೇ ಅಪಶಕುನದವಳಾಗುತ್ತೇನೆ.

1951ರ ತೋಟ ಕಾರ್ಮಿಕರ ಕಾಯಿದೆ ಕುಡಿಯುವ ನೀರು, ಕಕ್ಕಸು, ಔಷಧೋಪಚಾರ, ಐವತ್ತು ಹೆಂಗಸರಿದ್ದಲ್ಲಿ ಕೂಸುಗಳಿಗೊಂದು ಕೋಣೆ ಎಲ್ಲವನ್ನೂ ಬರೆದಿತ್ತು. ಕಾಗದದ ಮೇಲೆ ಒಳ್ಳೆಯ ಕಾಯಿದೆ. ಅದರ ಜಾಗಕ್ಕೆಂದು ಮಾಡಿದ 2020ರ ಸಂಹಿತೆಯಲ್ಲಿ ವರ್ಷಕ್ಕೊಮ್ಮೆ ಪುಕ್ಕಟೆ ಆರೋಗ್ಯ ತಪಾಸಣೆಯ ಮಾತಿದೆ. ಆ ತಪಾಸಣೆಯಲ್ಲಿ ರಕ್ತದೊತ್ತಡ, ಸಕ್ಕರೆ ನೋಡಿ ಸಹಿ ಹಾಕಿ ಕಳಿಸುತ್ತಾರೆಯೇ, ಬಾಯಿಗೂ ಟಾರ್ಚು ಬಿಡುತ್ತಾರೆಯೇ ಅನ್ನುವುದನ್ನು ಕೇಳುವವರು ಬೇಕು. ಅಸ್ಸಾಮಿನಿಂದ, ಬಯಲುಸೀಮೆಯಿಂದ ಕುಯ್ಲಿಗೆಂದು ಬಂದು ಮೂರು ತಿಂಗಳಿಗೆ ಹೋಗಿಬಿಡುವವರ ಹೆಸರು ಯಾವ ಪುಸ್ತಕದಲ್ಲಿರುತ್ತದೆ ಅಂತಲೂ.

ಕೇರಳದ ಆ ಅಧ್ಯಯನದ ಇನ್ನೊಂದು ಲೆಕ್ಕ ನನ್ನನ್ನು ಕಾಡುತ್ತದೆ. ಅನುಮಾನ ಬಂದು, ಹೋಗಿ ಡಾಕ್ಟರಿಗೆ ತೋರಿಸಿ ಅಂದವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಹೋಗಲೇ ಇಲ್ಲ. ಸಾಕ್ಷರತೆಯ ಕೇರಳದಲ್ಲಿ! ಇಲ್ಲಿ ಕಳಸದ ಹೆಂಗಸು ಮಂಗಳೂರಿಗೆ ಹೋಗಬೇಕಾದರೆ ಕುದುರೆಮುಖದ ಘಾಟಿ ಇಳಿಯಬೇಕು, ಬೆಂಗಳೂರಿಗಾದರೆ ಒಂದು ರಾತ್ರಿಯ ಬಸ್ಸು. ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬಂದ ಮಗಳದ್ದೂ ಹೋಯಿತು. ಕುಯ್ಲಿನ ಕಾಲದಲ್ಲಿ ಅವಳು ಹೋಗುವುದಿಲ್ಲ, ಕುಯ್ಲು ಮುಗಿಯುವುದರೊಳಗೆ ಹುಣ್ಣು ಕಾಯುವುದಿಲ್ಲ.

ಆದ್ದರಿಂದ ಹೋದ ವರ್ಷ ನಮ್ಮ ಬೆಳೆಗಾರರ ಸಭೆಯೊಂದರಲ್ಲಿ ನಾನು ಎದ್ದು ನಿಂತು ಕೇಳಿದ್ದು ಇಷ್ಟೇ. ಬೋರರ್ ಹುಡುಕುವ ದಿನವೇ ಲೈನಿನ ಎಲ್ಲರ ಬಾಯಿ ನೋಡಿಸೋಣ, ವರ್ಷಕ್ಕೆ ಎರಡು ಸಲ, ಅದೇ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯೋಣ. ಅನುಮಾನ ಬಂದವಳನ್ನು ತೋಟದ ಜೀಪಿನಲ್ಲಿ ಕಳಿಸೋಣ, ಹೋದ ದಿನದ ಕೂಲಿ ಕಡಿಯುವು ಬೇಡ, ಅವಳದ್ದೂ, ಜೊತೆಗೆ ಹೋದವಳದ್ದೂ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಸಾಲಿನ ಹಿರಿಯರೊಬ್ಬರು, "ಅಲ್ಲಮ್ಮಾ, ಒಬ್ಬಳಿಗೆ ಕೂಲಿ ಕೊಟ್ಟು ಕಳಿಸಿದ್ರೆ ನಾಳೆ ಎಲ್ರೂ ಬಾಯಿ ನೋವು ಅಂತಾರೆ" ಅಂದರು.

"ಅನ್ಲಿ ಬಿಡಿ, ಎಲ್ಲರ ಬಾಯೂ ನೋಡಿದ ಹಾಗಾಯ್ತು" ಅಂದೆ.

ನಕ್ಕರು. ಕಾಫಿ ಬಂತು. ಮಾತು ಮಳೆ ಲೆಕ್ಕಕ್ಕೂ ಬೆಳೆವಿಮೆಗೂ ತಿರುಗಿತು. ಎದ್ದು ಹೊರಡುವಾಗ ಇಬ್ಬರು ಹತ್ತಿರ ಬಂದು, ನಮ್ಮ ತೋಟದಲ್ಲಿ ಮಾಡಿಸೋಣ, ಟಾರ್ಚು ಎಂಥದ್ದು ತರಬೇಕು ಅಂತ ಕೇಳಿದರು. ಇಬ್ಬರೂ ಹೆಂಗಸರು.